ಗುರುಸಿದ್ಧನು ಮೇಲಿನ ಗೇರನ್ನು ಕೆಳಗಿಳಿಸಿದ ದಿಗ್ವಿಜಯ

ಎಲೈ ವಾಗ್ದೇವಿಯೇ, ವೀಣೆಯನ್ನು ತುಸು ಬದಿಗಿಟ್ಟು ಕೈಗೊಂದು ಬೋಲ್ಟು ಬಿಚ್ಚುವ ಪಾನಾ ತೆಗೆದುಕೋ. ಕಲಿಯುಗದ ಈ ಹೊಗೆ ಮುಸುಕಿದ ಪಾದದಲ್ಲಿ, ಹಳೇ ಹುಬ್ಬಳ್ಳಿಯೆಂಬ ಧೂಳೀಧೂಸರಗಗನಮಂಡಲದ ಕೆಳಗೆ, ಕೊರಿಯರ್‌ಕುಲತಿಲಕನೂ ಪೆಟ್ರೋಲ್‌ಪರಿಮಳಾಂಗನೂ ಆದ ಗುರುಸಿದ್ಧನೆಂಬ ವೀರನು ಯಂತ್ರಧರ್ಮವನ್ನೇ ತಲೆಕೆಳಗು ಮಾಡಹೊರಟ ಕಥೆಯನ್ನು ನನ್ನಿಂದ ಹೇಳಿಸು. ಕಥೆ ಸಣ್ಣದು. ನಿನ್ನನ್ನು ಬೇಗ ಬಿಟ್ಟುಬಿಡುತ್ತೇನೆ.

ಸ್ವರ್ಗಸ್ಥನಾದ ತಂದೆ ಬಿಟ್ಟುಹೋದ ಸಾಮ್ರಾಜ್ಯವೆಂದರೆ ಒಂದು ಹಳೆಯ ಮೋಟಾರ್ ಸೈಕಲ್. ಗಜಗಮನವೂ ಸಿಂಹಗರ್ಜನವೂ ಆದ ಆ ವಾಹನದಲ್ಲಿ ಒಂದನೇ ಗೇರಿಗೆ ಕಾಲಿನಿಂದ ಮೇಲಕ್ಕೆತ್ತಬೇಕು, ಉಳಿದವಕ್ಕೆ ಕೆಳಕ್ಕೊತ್ತಬೇಕು. ಗುರುಸಿದ್ಧ ವಾರವಿಡೀ ಓಡಿಸುವ ಕಂಪನಿಯ ಹೊಸ ಬೈಕಿನಲ್ಲಿ ಇದು ಪೂರಾ ತದ್ವಿರುದ್ಧ. ಆದ್ದರಿಂದ ಭಾನುವಾರ ತಾಯಿ ಕಲ್ಲವ್ವನನ್ನು ಹಿಂದೆ ಕೂರಿಸಿಕೊಂಡು ನವನಗರದ ಅಕ್ಕನ ಮನೆಗೆ ಹೊರಟಾಗ, ವೀರನ ಪಾದವೇ ವೀರನಿಗೆ ದ್ರೋಹ ಬಗೆಯಿತು. ಮೂರನೆಯದೆಂದು ಎತ್ತಿದ, ಬಿದ್ದದ್ದು ಒಂದನೆಯದು. ಗಾಡಿ ಮುಗ್ಗರಿಸಿತು. ಮಗಳಿಗೆಂದು ಕಲ್ಲವ್ವ ತೊಡೆಯ ಮೇಲಿಟ್ಟುಕೊಂಡಿದ್ದ ಗಡಿಗೆಯ ಮೊಸರು ಮಗನ ಬೆನ್ನಿಗೆ ಸಂದಿತು.

ಮಾತೃಶಿರೋಮಣಿಯು ನಡುಬೀದಿಯಲ್ಲೇ ಶಪಥಗೈದಳು: "ಇನ್ನೊಮ್ಮೆ ಹಿಂಗ ಜಗ್ಗಿಸಿದ್ಯಂದ್ರ ಗಾಡಿ ಕೀಲಿ ನಿಮ್ಮಣ್ಣಗ ಕೊಡ್ತೀನಿ. ಅಂವಾ ಓಡಿಸಿದ್ರ ಹಾಲಿನ ಮ್ಯಾಲಿನ ಕೆನಿ ಸೈತ ಅಲಗಾಡೂದಿಲ್ಲ."

ಅಣ್ಣ ಅಡಿವೆಪ್ಪ ಹಿಟ್ಟಿನ ಗಿರಣಿಯವನು, ಗೋಧೂಮಭಸ್ಮಭೂಷಿತನು, ಅಪ್ಪನ ಗಾಡಿಯ ಹೊರತು ಬೇರೊಂದನ್ನು ತುಳಿದವನಲ್ಲ. ಇತ್ತ ಗುರುಸಿದ್ಧನಿಗೋ, ಆರು ದಿನ ಊರವರ ಪಾರ್ಸೆಲ್ಲು ಹೊತ್ತವನಿಗೆ, ಏಳನೆಯ ದಿನ ಓಣಿಯಲ್ಲಿ ತಲೆಯೆತ್ತಿಸುತ್ತಿದ್ದುದು ಆ ಕೀಲಿಯೊಂದೇ.

ಮುಂದಿನ ಶನಿವಾರ ಅಂಗಳವು ರಣಾಂಗಣವಾಯಿತು. ಗೇರ್ ಬಾಕ್ಸಿನ ಮುಚ್ಚಳ ಬಿಚ್ಚಿ ವೀರನು ಗರ್ಜಿಸಿದನು: "ಎಲೈ ದಂತಚಕ್ರಗಳಿರಾ! ಊರ್ಧ್ವವನ್ನು ಅಧೋಗತಿಗಿಳಿಸಿ, ಅಧೋಭಾಗವನ್ನು ಊರ್ಧ್ವಕ್ಕೇರಿಸದಿದ್ದರೆ ನಾನು ನನ್ನ ತಂದೆಯ ಮಗನೇ ಅಲ್ಲ!" ಗರ್ಜಿಸಬೇಕಿತ್ತು. ನಿಜವಾಗಿ ಆಡಿದ್ದು ಇಷ್ಟು: "ಮಗನ, ಇವತ್ತ ನೋಡೇಬಿಡ್ತೀನಿ ನಿನ್ನ."

ಗಿರಣಿಗೆ ಹೊರಟಿದ್ದ ಅಡಿವೆಪ್ಪ ನಿಂತು ಕೇಳಿದ. "ಏನ್ ಮಾಡಾಕತ್ತಿಯೋ ತಮ್ಮಾ?"

"ಏನಿಲ್ಲಣ್ಣಾ, ಎಣ್ಣಿ ಸೋರಾಕತ್ತಿತ್ತು."

ಅಪ್ಪ ತುಳಿದ ಗೇರನ್ನು ತಿರುವಿಹಾಕುತ್ತೇನೆಂದರೆ ಅಣ್ಣ ಬಿಡುವವನಲ್ಲ. ಹಾಗಾಗಿ ಗುಟ್ಟು.

ಆಮೇಲೆ ನಡೆದ ಘೋರಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ತುಕ್ಕುಕವಚಧಾರಿಗಳಾದ ಬೋಲ್ಟುಗಳು ಒಂದೊಂದಾಗಿ ಶರಣಾದವು. ಸ್ಪ್ರಿಂಗೊಂದು ಆಗ್ನೇಯಾಸ್ತ್ರದಂತೆ ಹಾರಿ ತುಳಸಿಕಟ್ಟೆಯ ಮರೆ ಹೊಕ್ಕಿತು. ಕಪ್ಪೆಣ್ಣೆಯ ರುಧಿರಪ್ರವಾಹದಲ್ಲಿ ಮೊಣಕೈವರೆಗೆ ಮಿಂದ ವೀರನು ಕಡೆಗೆ ಗೇರಿನ ಪ್ರಾಣವೇ ಆದ ಹಲ್ಲಿನ ತಟ್ಟೆಯನ್ನು ಕಿತ್ತು, ಮಗುಚಿ ಕೂರಿಸಿದನು. ಮೇಲಿನದು ಕೆಳಗಾಯಿತು. ಮೂರು ಲೋಕಗಳಲ್ಲಿ ಇದು ಗೊತ್ತಿದ್ದುದು ಅವನೊಬ್ಬನಿಗೇ. ಪೆಟ್ಟಿಗೆಯನ್ನು ಹಾಗೇ ತೆರೆದಿಟ್ಟು, ಚಹಾ, ಮಿರ್ಚಿ ಭಜಿಗೆಂದು ಓಣಿಯ ತುದಿಗೆ ನಡೆದನು.

ಬಂದು ನೋಡಿದರೆ ಪೆಟ್ಟಿಗೆಯ ಅಂಚಿನಲ್ಲಿ ಹಿಟ್ಟಿನ ಬೆರಳಚ್ಚೊಂದಿತ್ತು. ಬಟ್ಟೆಯಿಂದ ಒರೆಸಿ ಮುಚ್ಚಳ ಬಿಗಿದನು. ಓಡಿಸಿ ನೋಡಲಿಲ್ಲ, ಪರೀಕ್ಷೆ ಹೇಡಿಗಳ ಕೆಲಸ.

ಭಾನುವಾರ. ಓಣಿಯೇ ಕಟ್ಟೆಗಳ ಮೇಲೆ ನೆರೆದಿತ್ತು. ಕಲ್ಲವ್ವ ಹೊಸ ಮೊಸರಿನ ಗಡಿಗೆಯನ್ನು ಅಪ್ಪಿಕೊಂಡು ಹಿಂದೆ ಕೂತಳು.

"ಹುಷಾರಪಾ."

"ಗಟ್ಟ್ಯಾಗಿ ಹಿಡ್ಕೋಬ್ಯಾಡಬೇ, ಇವತ್ತ ಪಲ್ಲಕ್ಕಿ ಇದು!" ಎಂದ ವೀರನು, ಒಂದನೇ ಗೇರು ಇನ್ನು ಕೆಳಗಿದೆಯೆಂಬ ಅಚಲವಿಶ್ವಾಸದಿಂದ ಕೆಳಕ್ಕೊತ್ತಿ ಕ್ಲಚ್ ಬಿಟ್ಟನು.

ಬಿದ್ದದ್ದು ಎರಡನೆಯದು. ಗಾಡಿ ಎರಡು ಮೊಳ ಜಿಗಿದು, ನಡುಗಿ, ಸತ್ತಿತು. ದಧಿಧಾರೆಯು ವೀರನ ಕುತ್ತಿಗೆಯಿಂದ ಬೆನ್ನಗುಂಟ ಇಳಿಯಿತು.

ಅಡಿವೆಪ್ಪ ಓಡಿಬಂದು ಗಾಡಿ ಹಿಡಿದ. ತಮ್ಮನ ಕಿವಿಯಲ್ಲಿ, ನಾಲ್ಕು ಮಂದಿಗೆ ಕೇಳಬಾರದೆಂದು, ಮೆಲ್ಲಗೆ ಹೇಳಿದ: "ಎಣ್ಣಿ ಸೋರೂದು ನಿಂತತಿಲ್ಲೋ? ನಿನ್ನೆ ನೀ ಚಾ ಕುಡ್ಯಾಕ ಹೋದಾಗ ನೋಡಿದ್ನಿ, ಒಳಗಿನ ತಟ್ಟಿ ಉಲ್ಟಾ ಹಾಕಿದ್ದಿ. ಹೇಳಿದ್ರ ನಾಚ್ಕೋತಿ ಅಂತ ಸುಮ್ಮ ಸರಿ ಮಾಡಿಟ್ಟೆ."

ವೀರನು ಮೊಸರು ಸುರಿಸುತ್ತ ಗಾಡಿಯಿಂದಿಳಿದನು.

ಕಲ್ಲವ್ವ ಕೈ ಚಾಚಿದಳು. ಕೀಲಿ ಅಣ್ಣನಿಗೆ ಹೋಯಿತು. ಅಡಿವೆಪ್ಪ ಕಾಲಿನಿಂದ ಮೆತ್ತಗೆ ಮೇಲಕ್ಕೆತ್ತಿದ. ಉಳಿದರ್ಧ ಗಡಿಗೆ ಮೊಸರು ಅಲುಗಾಡದೆ ಓಣಿ ದಾಟಿತು. ತಿರುವಿನಲ್ಲಿ ಅವ್ವ ಹಿಂದಿರುಗಿ ಕೂಗಿದಳು: "ಊಟಕ್ಕ ಬಾರೋ! ಬಸ್ಸಿಗೆ ಬಾ!"

ನವನಗರದ ಬಸ್ಸು ತುಂಬಿತ್ತು. ಬಾಗಿಲಲ್ಲಿ ಜೋತುಬಿದ್ದವನ ಬೆನ್ನು ನೋಡಿ ಕಂಡಕ್ಟರ್ ಎಂದ: "ಏ ಮೊಸರಿನ ಅಂಗಿಯವ್ರ, ಮುಂದ ನಡೀರಿ."

ಯಂತ್ರಧರ್ಮವಿಪರ್ಯಯಧುರಂಧರನು ಮುಂದೆ ನಡೆದನು.