ಗಂಜಿಗೆ ನಂಬರು ಹಾಕುವ ಬೀಗರು

ನಮ್ಮ ಬೀಗರಿಗೆ ಹುಚ್ಚು ಎಂದು ನಾನು ಎಂದೂ ಹೇಳಿಲ್ಲ. ಹುಚ್ಚರು ರಾಗಿ ಗಂಜಿಗೆ ನಂಬರು ಹಾಕುತ್ತಾರೆಯೇ? ಮಧ್ಯಾಹ್ನ ಎರಡಕ್ಕೆ ಸರಿಯಾಗಿ ತಮ್ಮ ಕೆಲಸವನ್ನು ತಮಗೇ ಒಪ್ಪಿಸಿ, ತಮ್ಮಿಂದಲೇ ವಹಿಸಿಕೊಂಡು, ಆಮೇಲೆ ತಮ್ಮ ಮೇಲೆ ತಾವೇ ಸಿಟ್ಟಾಗುತ್ತಾರೆಯೇ? ಇಷ್ಟು ಶಿಸ್ತಿನ ಹುಚ್ಚು ಯಾವ ಆಸ್ಪತ್ರೆಗೂ ಇನ್ನೂ ಬಂದಿರಲಿಕ್ಕಿಲ್ಲ!

ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತೇನೆ. ಆದರೂ ಬರೆಯಲೇಬೇಕು, ಬರೆಯದಿದ್ದರೆ ಹೊಟ್ಟೆ ಒಡೆದೀತು. ಯಾಕೆಂದರೆ ನನಗೊಬ್ಬಳು ಮೊಮ್ಮಗಳು ಬಂದಿದ್ದಾಳೆ. ಕೆಳಗೆ ಎರಡೇ ಹಲ್ಲು, ಅಕ್ಕಿಕಾಳಿನಂಥವು. ನಕ್ಕರೆ ಎರಡೂ ಕಾಣುತ್ತವೆ. ಅತ್ತರೂ ಕಾಣುತ್ತವೆ. ಅಳಿಸಿಯಾದರೂ ನೋಡೋಣ ಅನ್ನಿಸುವಷ್ಟು ಚೆಂದ! ಇರಲಿ, ಅವಳ ಮಾತಿಗೆ ಕೂತರೆ ಬೀಗರ ಮಾತು ಉಳಿದುಹೋಗುತ್ತದೆ.

ನಾವು ವಿಜಾಪುರದ ಕಡೆಯವರು. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ನಮ್ಮದೊಂದು ಖಾನಾವಳಿ. ಯಜಮಾನರು ಗಲ್ಲಾಪೆಟ್ಟಿಗೆಯ ಮುಂದೆ, ನಾನು ಒಲೆಯ ಮುಂದೆ. ಇಷ್ಟು ವರ್ಷ ನಾನು ಬಡಿದ ಜೋಳದ ರೊಟ್ಟಿಗಳನ್ನು ಯಾರಾದರೂ ಎತ್ತಿಟ್ಟಿದ್ದರೆ, ಈಗ ಎದ್ದಿರುವ ಕಂಪ್ಯೂಟರ್ ಕಂಪನಿಗಳ ಕಟ್ಟಡಗಳಿಗೆಲ್ಲ ಹೆಂಚು ಹೊದಿಸಬಹುದಿತ್ತು! ಆ ರೊಟ್ಟಿಯ ಮೇಲೆಯೇ ಮಗಳು ಇಂಜಿನಿಯರ್ ಆದಳು, ಅಂಥದೇ ಒಂದು ಕಂಪನಿಯಲ್ಲಿ ನೌಕರಿ ಹಿಡಿದಳು, ಅದೇ ಕಸುಬಿನ ಹುಡುಗನನ್ನು ಮದುವೆಯಾದಳು.

ಅವರ ಮನೆ ಇರುವುದು ಶಹರದಲ್ಲಲ್ಲ, ಶಹರದ ಸೆರಗಿನಲ್ಲಿ. ಮಿಯಾಪುರ ದಾಟಿ, ಬಂಡೆಗುಡ್ಡ ದಾಟಿ, ಇನ್ನೇನು ವಿಜಾಪುರವೇ ಬಂತು ಅನ್ನುವಾಗ ಆ ಊರು ಬರುತ್ತದೆ. ಮೊನ್ನೆ ಮೊನ್ನೆಯವರೆಗೆ ಕುರಿ ಮೇಯುತ್ತಿದ್ದ ಜಾಗ. ಈಗ ಸಾಲಾಗಿ ಹತ್ತು ಹತ್ತು ಮಾಳಿಗೆಯ ಕಟ್ಟಡ. ಹಳೆಯ ದಾರಿ ಮರೆಯದ ಕುರಿಗಳು ಇವತ್ತಿಗೂ ಬಂದು ಲಿಫ್ಟಿನ ಮುಂದೆ ನಿಲ್ಲುತ್ತವೆ! ಬೆಳಿಗ್ಗೆ ಏಳಕ್ಕೆ ಕಂಪನಿಯ ಗಾಡಿಗಳು ಬಂದು ಊರನ್ನೇ ಗುಡಿಸಿಕೊಂಡು ಹೋಗುತ್ತವೆ. ಆಮೇಲೆ ಉಳಿಯುವವರು ಯಾರು? ಹಲ್ಲು ಬಿದ್ದವರು ಮತ್ತು ಹಲ್ಲು ಬಾರದವರು. ಹಲ್ಲಿದ್ದವರೆಲ್ಲ ಮರಳುವುದು ಸಂಜೆಗೇ.

ಮಗಳ ಸಂಬಳದ ರಜೆ ಮುಗಿದಿತ್ತು, ಸಂಬಳವಿಲ್ಲದ ರಜೆಯೂ ಮುಗಿದಿತ್ತು. ನಾನು ಹೋಗಿ ಇರೋಣವೆಂದರೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು ಯಾರು? ಯಜಮಾನರು ಬಡಿದರೆ ಅದು ರೊಟ್ಟಿಯಾಗುವುದಿಲ್ಲ, ಭೂಪಟವಾಗುತ್ತದೆ. ಬೀಗಿತ್ತಿ ತೀರಿಕೊಂಡು ಮೂರು ವರ್ಷವಾಗಿತ್ತು. ಉಳಿದವರು ಬೀಗರೊಬ್ಬರೇ. ಜೀಡಿಮೆಟ್ಲಾದ ಗುಳಿಗೆ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ದುಡಿದು ನಿವೃತ್ತರಾಗಿ, ಮಗ-ಸೊಸೆಯ ಜೊತೆ ಇದ್ದವರು, ಕೂಸಿಗೆ ಗಂಜಿ ಶುರುವಾದಾಗಿನಿಂದ ಅದನ್ನು ಕಾಸುವವರೂ ಅವರೇ. “ಕೂಸಿನ್ನ ನಾ ನೋಡ್ಕೋತೀನಿ” ಎಂದುಬಿಟ್ಟರು. ಅರವತ್ತು ದಾಟಿದ ಗಂಡಸು! ಏಳು ತಿಂಗಳ ಕೂಸು!

ಮಗಳು ಒಂದು ವಾರ ನೌಕರಿಗೆ ಹೋಗಿ ನೋಡುವುದು ಎಂದು ತೀರ್ಮಾನವಾಯಿತು. ನನಗೆ ಫೋನು ಮಾಡಿದಳು.

“ಅವ್ವಾ, ನೀ ಬಂದು ನಾಲ್ಕು ದಿನ ಇದ್ದು ನೋಡು. ನೀ ಹೂಂ ಅಂದ್ರ ನೌಕರಿ. ಊಹೂಂ ಅಂದ್ರ ಸೋಮವಾರ ರಾಜೀನಾಮೆ.”

ನನ್ನ ಒಂದು ಹೂಂಕಾರದ ಮೇಲೆ ಮಗಳ ನೌಕರಿ ನಿಂತಿತ್ತು! ಅವಳಿಗೆ ಆ ಕೆಲಸ ಸಿಕ್ಕ ದಿನ ಖಾನಾವಳಿಯಲ್ಲಿ ಉಂಡವರಿಗೆಲ್ಲ ಶೇಂಗಾ ಹೋಳಿಗೆ ಬಡಿಸಿದವಳು ನಾನು. ಬೀಗರನ್ನು ಪರೀಕ್ಷೆ ಮಾಡಲು ಮಂಗಳವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಹೊರಟೆ.

ಬಾಗಿಲು ತೆರೆದದ್ದೇ ತಡ, ಬೀಗರು ಕೈ ಅಡ್ಡ ಹಿಡಿದರು.

“ಅಕ್ಕಾರ, ಅಲ್ಲೇ ನಿಂದರ್ರಿ!”

“ಯಾಕ್ರೀ ಬೀಗರ? ಹಾವು ಬಂದೈತೇನು?”

“ಹಾವಲ್ರಿ, ನೀವು ಬಂದೀರಿ. ಎರಡು ಬಸ್ಸಿನ ಧೂಳು ತಂದೀರಿ.”

ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆಸಿದರು. ತಮ್ಮ ಹಳೆಯ ಬಿಳಿ ಶರ್ಟನ್ನು ಹಿಂದುಮುಂದಾಗಿ ಸೀರೆಯ ಮೇಲೆ ತೊಡಿಸಿದರು. ಕೊನೆಗೆ ತಲೆಗೆ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಟೊಪ್ಪಿಗೆಯೊಂದನ್ನು ಮುಂದೆ ಹಿಡಿದರು.

“ನನ್ನ ಮೊಮ್ಮಗಳನ್ನ ಎತ್ಕೊಳ್ಳಾಕ ನಾ ಟೊಪ್ಪಿಗಿ ಹಾಕ್ಕೋಬೇಕ?”

“ನಮ್ಮ ಫ್ಯಾಕ್ಟರಿಗೆ ಮಾಲಕ ಬಂದ್ರೂ ಹಾಕ್ಕೋತಿದ್ದರಿ.”

“ನಾ ಮಾಲಕ ಅಲ್ರಿ, ಕೂಸಿನ ಅಜ್ಜಿ!”

“ಅದಕ್ಕ ನಿಮಗ ಹೊಸಾದು ಕೊಡಾಕತ್ತೀನಿ. ಮಾಲಕಗ ಹಳೇದ ಕೊಡ್ತಿದ್ವಿ.”

ಏನು ಹೇಳುತ್ತೀರಿ ಇದಕ್ಕೆ? ಹಾಕಿಕೊಂಡೆ. ಈ ವೇಷ ನೋಡಿ ಕೂಸು ಕಿಟಾರನೆ ಕಿರುಚುತ್ತದೆ, ಬೀಗರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ. ಆದರೆ ನನ್ನ ಬಂಗಾರ ಎರಡೂ ಹಲ್ಲು ತೋರಿಸಿ ನಕ್ಕು, ಕೈ ಚಾಚಿ ಬಂತು! ಅದು ಹಗಲೆಲ್ಲ ಕಾಣುವುದು ಟೊಪ್ಪಿಗೆಯ ಅಜ್ಜನನ್ನು ತಾನೇ? ಸ್ವಲ್ಪ ಹೊತ್ತಿಗೆ ಸೆಕೆ ತಾಳದೆ ನಾನು ಟೊಪ್ಪಿಗೆ ತೆಗೆದೆ ನೋಡಿ, ಆಗ ಕಿರುಚಿತು. ಮನುಷ್ಯರ ತಲೆಯ ಮೇಲೆ ಕೂದಲಿರುತ್ತದೆ ಎಂಬ ಸಂಗತಿ ಪಾಪ ಅದಕ್ಕೆ ಗೊತ್ತೇ ಇರಲಿಲ್ಲ!

ಮರುದಿನ ಹನ್ನೊಂದಕ್ಕೆ ನನಗೆ ಹಸಿವಾಯಿತು. ಫ್ರಿಜ್ ತೆರೆದರೆ ಪುಟ್ಟ ಪುಟ್ಟ ಮುಚ್ಚಳದ ಬಟ್ಟಲು, ಒಂದೊಂದರಲ್ಲಿ ಎರಡು ಚಮಚ ಗಂಜಿ. ಗಂಡಸಿನ ಕೈಯ ಅಡುಗೆಮನೆ, ಉಳಿದದ್ದನ್ನೆಲ್ಲ ಎತ್ತಿಟ್ಟಿದ್ದಾರೆ ಎಂದುಕೊಂಡೆ. ಅನ್ನ ಚೆಲ್ಲುವ ಜಾತಿ ನಮ್ಮದಲ್ಲ. ಎಲ್ಲವನ್ನೂ ಒಂದೇ ತಾಟಿಗೆ ಸುರಿದು, ಉಪ್ಪಿನಕಾಯಿ ಹಚ್ಚಿಕೊಂಡು ಊಟ ಮುಗಿಸಿ, ಬಟ್ಟಲುಗಳನ್ನು ಫಳಫಳ ಬೆಳಗಿಟ್ಟೆ.

ಬೀಗರು ಬಂದು ನೋಡಿದರು. ಮುಖ ಬೆಳ್ಳಗಾಯಿತು.

“ಅಕ್ಕಾರ, ನನ್ನ ಸ್ಯಾಂಪಲ್?”

“ಯಾವ ಸಾಂಬಾರ?”

“ಸ್ಯಾಂಪಲ್ರಿ! ಮಾಡಿದ ಪ್ರತಿ ಗಂಜ್ಯಾಗಿಂದು ಎರಡು ಚಮಚ ತಗದು ನಂಬರ್ ಹಾಕಿ ಮೂರು ದಿನ ಇಡಬೇಕು. ಕೂಸಿಗೆ ಏನರ ಆದ್ರ ತಪಾಸ ಮಾಡಾಕ. ಫ್ಯಾಕ್ಟರ್ಯಾಗ ಗುಳಿಗೀದೂ ಹಂಗ ಇಡ್ತಿದ್ವಿ.”

“ಅಯ್ಯ, ಆಗೂದೇನೈತ್ರಿ? ತಿಂದಾಕಿ ನಾ ಗಟ್ಟಿಮುಟ್ಟಾಗಿ ನಿಂತೀನಿ, ತಪಾಸ ಆತಲ್ಲ!”

ಬೀಗರು ಒಂದು ಗಳಿಗೆ ಯೋಚಿಸಿ ‘ಅದೂ ಖರೆ’ ಎಂಬಂತೆ ತಲೆಯಾಡಿಸಿದರು. ಅವರದೊಂದು ದಪ್ಪ ನೋಟ್‌ಬುಕ್ಕಿದೆ. ಕೂಸು ಕಣ್ಣು ತೆರೆದರೆ, ಮುಚ್ಚಿದರೆ, ತೇಗಿದರೆ ಎಲ್ಲವೂ ಗಂಟೆಯ ಸಮೇತ ಅದರಲ್ಲಿ ದಾಖಲು. ಅವರು ಒಳಗೆ ಹೋದಾಗ ನಾನು ಅಕ್ಷರ ಕೂಡಿಸಿ ಓದಿದೆ: ‘ಗಂಜಿ ೧೦೮ರಿಂದ ೧೧೩: ಬೀಗಿತ್ತಿಯವರು ತಿಂದರು. ತೊಂದರೆ: ಇಲ್ಲ. ಸಂಜೆ ಆರರವರೆಗೆ ಅವರ ಮೇಲೆ ನಿಗಾ.’ ಅದಕ್ಕೇ ಅಂದಿನ ಮಧ್ಯಾಹ್ನವೆಲ್ಲ ಗಂಟೆಗೊಮ್ಮೆ ಬಂದು, “ಅಕ್ಕಾರ, ಹೊಟ್ಟಿ ಹೆಂಗೈತ್ರಿ?” ಎಂದು ಕೇಳುತ್ತಿದ್ದರು! ನಾನು ಮರ್ಯಾದೆ ಎಂದುಕೊಂಡು ಹಿಗ್ಗಿದ್ದೆ.

ಇದಕ್ಕೂ ದೊಡ್ಡ ತಮಾಷೆ ಎರಡು ಗಂಟೆಯದು. ಫ್ಯಾಕ್ಟರಿಯಲ್ಲಿ ಎರಡಕ್ಕೆ ಪಾಳಿ ಬದಲಾಗುತ್ತಿತ್ತಂತೆ. ಮನೆಯಲ್ಲಿ ಇರುವವರು ಒಬ್ಬರೇ, ಬದಲಾಗುವವರು ಯಾರು? ಅವರೇ! ಬೆಳಗಿನ ಪಾಳಿಯ ಬೀಗರು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಬಾಲ್ಕನಿಗೆ ಹೋಗಿ ಹತ್ತು ನಿಮಿಷ ಚಹಾ ಕುಡಿಯುತ್ತಾರೆ. ಮಧ್ಯಾಹ್ನದ ಪಾಳಿಯ ಬೀಗರು ಒಳಗೆ ಬಂದು, ಹೊಸ ಟೊಪ್ಪಿಗೆ ಹಾಕಿಕೊಂಡು, ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಗೊಣಗುತ್ತಾರೆ.

“ನೋಡ್ರಿ ಅಕ್ಕಾರ, ಬಾಟ್ಲಿ ತಳದಾಗ ಹಾಲಿನ ಗೆರಿ ಉಳದೈತಿ. ಮುಂಜಾನಿ ಪಾಳೇದಾಂವ ಬರೇ ಕಳ್ಳ.”

“ಆ ಕಳ್ಳನ್ನ ಕೆಲಸದಿಂದ ತಗದುಬಿಡ್ರಿ ಬೀಗರ.”

“ಏನ ಮಾಡೂದ್ರಿ, ಬ್ಯಾರೆ ಮಂದಿ ಸಿಗವಲ್ರು” ಎನ್ನುತ್ತ ನಿಟ್ಟುಸಿರು ಬಿಟ್ಟು ತೊಳೆಯಲು ನಿಲ್ಲುತ್ತಾರೆ!

ಗುರುವಾರದ ಹೊತ್ತಿಗೆ ನನ್ನ ಬಾಯಿಂದ ಹೂಂ ಬರುವುದು ಗ್ಯಾರಂಟಿಯಾಗಿತ್ತು. ಕೂಸು ಅವರ ಹೆಗಲ ಮೇಲೆ ಗುಬ್ಬಿಯ ಹಾಗೆ ಕೂರುತ್ತಿತ್ತು. ಉಣ್ಣುತ್ತಿತ್ತು, ನಗುತ್ತಿತ್ತು, ಹೇಳಿದ ಗಂಟೆಗೆ ಮಲಗುತ್ತಿತ್ತು. ಶನಿವಾರ ಮೆಹದಿಪಟ್ಟಣಂಗೆ ಮರಳುವುದು, ಅದಕ್ಕೂ ಮುಂಚೆ ಮಗಳಿಗೆ ಧೈರ್ಯ ಹೇಳುವುದು ಎಂದು ಲೆಕ್ಕ ಹಾಕಿದ್ದೆ.

ಶುಕ್ರವಾರ ಎರಡು ಗಂಟೆ. ಬೆಳಗಿನ ಪಾಳಿಯವರು ಬಾಲ್ಕನಿಗೆ ಹೋದರು. ಕೂಸು ನನ್ನ ತೊಡೆಯ ಮೇಲೆ. ನಾನು ಮನೆಯಿಂದ ತಂದಿದ್ದ ಶೇಂಗಾ ಹೋಳಿಗೆಯ ಡಬ್ಬಿ ತೆರೆದು ಒಂದು ಮುರುಕು ಬಾಯಿಗಿಟ್ಟೆ. ಕೂಸು ನನ್ನ ಬಾಯಿಯನ್ನೇ ನೋಡಿತು, ತಾನೂ ಬಾಯಿ ತೆರೆಯಿತು. ಕೂಸಿನ ಕಣ್ಣು ಬಿದ್ದ ತಿನಿಸನ್ನು ಅದರ ನಾಲಿಗೆಗೆ ಒಂದಿಷ್ಟು ಸವರದೆ ನಮ್ಮ ಕಡೆ ಯಾರಾದರೂ ತಿನ್ನುತ್ತಾರೆಯೇ? ಉಗುರಿನಷ್ಟು ಸವರಿದೆ. ಬಾಯಿ ಚಪ್ಪರಿಸಿತು ನನ್ನ ಬಂಗಾರ! ಟೊಪ್ಪಿಗೆ, ನಂಬರು, ನೋಟ್‌ಬುಕ್ಕು ಎಲ್ಲವನ್ನೂ ಗೆದ್ದೆ ಎನ್ನಿಸಿತು.

ಬೀಗರ ಚಹಾ ಮುಗಿಯುವ ಮೊದಲೇ ಕೂಸಿನ ತುಟಿ ಊದಿತು. ಗಲ್ಲದ ಮೇಲೆ ಕೆಂಪು ಗಂಧೆ ಎದ್ದವು. ಕಣ್ಣಿನ ರೆಪ್ಪೆಯೂ ಊದತೊಡಗಿತು. ನಾನು ಕೂಗಿದ್ದು ಹತ್ತೂ ಮಾಳಿಗೆಗೆ ಕೇಳಿಸಿರಬೇಕು.

ಬೀಗರು ಕೂಗಲಿಲ್ಲ. ಕೂಸನ್ನು ಎತ್ತಿಕೊಂಡರು, ನೋಟ್‌ಬುಕ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು, ಬರಿಗಾಲಲ್ಲೇ ಓಡಿದರು. ಗೇಟಿನ ಎದುರಿಗೇ ಮಕ್ಕಳ ಡಾಕ್ಟರ ದವಾಖಾನೆ. ನಾನು ಹಿಂದೆ ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಡಾಕ್ಟರು ಕೂಸಿನ ಎದೆಯ ಮೇಲೆ ಕೊಳವೆ ಇಟ್ಟು ಹಿಂದಿಯಲ್ಲಿ ಕೇಳುತ್ತಿದ್ದರು. ಹೊಸದಾಗಿ ಏನು ತಿನ್ನಿಸಿದಿರಿ? ಎಷ್ಟು ಹೊತ್ತಾಯಿತು?

ಬೀಗರು ನೋಟ್‌ಬುಕ್ಕಿನ ಹಾಳೆಗಳನ್ನು ತಿರುವಿದರು. “ಹೊಸಾದು ಏನೂ ಇಲ್ಲ... ಏನೂ ಇಲ್ಲ...”

“ಐತ್ರಿ” ಎಂದೆ. “ಶೇಂಗಾ ಹೋಳಿಗಿ. ನಾ ಸವರಿದೆ. ಈಗಷ್ಟ, ಎರಡು ಗಂಟೇಕ.”

ಬೀಗರು ನನ್ನ ಮುಖ ನೋಡಲಿಲ್ಲ. ಡಾಕ್ಟರಿಗೆ ಅದನ್ನು ಹಿಂದಿಯಲ್ಲಿ ತಿಳಿಸಿದರು. ಡಾಕ್ಟರು ತಡಮಾಡದೆ ಸೂಜಿಮದ್ದು ಕೊಟ್ಟರು. ಆಮೇಲೆ ಮೂರು ತಾಸು ಆ ಬೆಂಚಿನ ಮೇಲೆ ಕೂತೆವು. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಮುಗಿದು, ಮತ್ತೆ ಮೊದಲಿಂದ ಶುರುಮಾಡಿದ್ದೆ. ಊತ ಇಳಿಯಿತು. ಗಂಧೆ ಮಾಯವಾದವು. ಕೂಸು ಡಾಕ್ಟರ ಪೆನ್ನು ಕಿತ್ತುಕೊಂಡು ಕಡಿಯತೊಡಗಿತು. ಅಕ್ಕಿಕಾಳಿನ ಆ ಎರಡು ಹಲ್ಲು! ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಬೇಗ ತಂದಿರಿ, ಒಳ್ಳೆಯದಾಯಿತು, ಪರೀಕ್ಷೆ ಮಾಡಿಸುವ ತನಕ ಶೇಂಗಾ ಮುಟ್ಟಿಸಬೇಡಿ ಎಂದರು ಡಾಕ್ಟರು. ಮಗಳಿಗೆ ಫೋನಿನಲ್ಲಿ ಬೀಗರೇ ಹೇಳಿದರು, ಏನೋ ತಿಂದು ಒಗ್ಗಲಿಲ್ಲ, ಈಗ ಆರಾಮ ಐತಿ ಎಂದು.

ಸಂಜೆ, ಅಳಿಯ ಬರುವ ಮುಂಚೆಯೇ, ಮಗಳು ಚಪ್ಪಲಿ ಬಿಡುವುದಕ್ಕೂ ಮರೆತು ಒಳಗೆ ಬಂದಳು. ಮಲಗಿದ್ದ ಕೂಸನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ನೋಟ್‌ಬುಕ್ಕು ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

“ಎರಡು ಗಂಟೆ. ಶೇಂಗಾ ಹೋಳಿಗೆ, ಉಗುರಿನಷ್ಟು. ಕೊಟ್ಟವರು: ಅಜ್ಜ.”

ಬೀಗರು ಗೋಡೆ ನೋಡುತ್ತ ನಿಂತಿದ್ದರು.

“ನೀವಾ ಮಾವಾರ? ಇಷ್ಟೆಲ್ಲಾ ಬರಕೊಂಡು, ತೂಕಾ ಮಾಡಿ, ಕಡೀಕ ನೀವ ಹಿಂಗ ಮಾಡಿದ್ರಾ?” ಅವಳು ಹೆಗಲಿನ ಚೀಲವನ್ನು ಕೆಳಗಿಟ್ಟಳು. “ಸಾಕು. ಸೋಮವಾರ ರಾಜೀನಾಮೆ ಕೊಡ್ತೀನಿ.”

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡೇ ಇದ್ದೆ. ಮಗಳ ಕಣ್ಣಿನಲ್ಲಿ ತಪ್ಪಿತಸ್ಥೆಯಾಗುವುದು ಯಾವ ತಾಯಿಗೆ ಬೇಕು? ಬೀಗರಂತೂ ಬಯ್ಯಿಸಿಕೊಳ್ಳಲು ತಯಾರಾಗಿ ನಿಂತಿದ್ದರು. ಆದರೆ ನಾನು ಸುಮ್ಮನಿದ್ದರೆ ಅವಳ ನೌಕರಿ ಹೋಗುತ್ತದೆ, ಅವರ ತೋಳಿನಿಂದ ಕೂಸು ಹೋಗುತ್ತದೆ.

“ಅವರಲ್ಲವ್ವಾ, ನಾ” ಎಂದೆ. “ಬೀಗರು ಬಾಲ್ಕನ್ಯಾಗಿದ್ರು. ನಾ ಸವರಿದೆ. ಇವರು ಬರಿಗಾಲಿಲೆ ಓಡಿ ಉಳಿಸಿದ್ರು. ಬಯ್ಯೂದಿದ್ರ ನನಗ ಬಯ್ಯಿ. ನೌಕರಿ ಮಾತ್ರ ಬಿಡಬ್ಯಾಡ. ನನ್ನ ಕೈಯಾಗ ಬಿಟ್ರ ಹೆಂಗೋ ಏನೋ, ಇವರ ಕೈಯಾಗ ಬಿಟ್ಟು ನಿಶ್ಚಿಂತಿಲೆ ಹೋಗು.”

ಮಗಳು ನನಗೆ ಬಯ್ಯಲಿಲ್ಲ. ಅವಳ ಸಿಟ್ಟೆಲ್ಲ ಮಾವನ ಕಡೆಗೇ ತಿರುಗಿತು.

“ಹಂಗಾದ್ರ ನಿಮ್ಮ ಹೆಸರ ಯಾಕ ಬರದ್ರಿ? ಸುಳ್ಳ ಬರಿಯೂದಿದ್ರ ಈ ಬುಕ್ಕ ಯಾಕ ಬೇಕು ಮಾವಾರ?”

“ಡಾಕ್ಟರಿಗೆ ಖರೆ ಮುಟ್ಟಿತ್ತಲ್ಲವ್ವಾ” ಎಂದರು ಬೀಗರು ಮೆಲ್ಲಗೆ. “ಬುಕ್ಕ ಇರೂದು ಅದಕ್ಕ. ಯಾರು ತಪ್ಪು ಮಾಡಿದ್ರು ಅಂತ ಹಿಡಿಯಾಕ ಅಲ್ಲ.”

ಆಮೇಲೆ ಗೋಡೆಯ ಕಡೆಗೇ ಮುಖ ಮಾಡಿ ಹೇಳಿದರು.

“ನಿಮ್ಮತ್ತಿ ಬಿದ್ದ ದಿನ ದವಾಖಾನ್ಯಾಗ ಒಂದ ಕೇಳಿದ್ರು. ಮುಂಜಾನಿಂದ ಏನ ತಿಂದಾರ, ಯಾವ ಗುಳಿಗಿ ತಗೊಂಡಾರ ಅಂತ. ನನಗ ಗೊತ್ತಿರಲಿಲ್ಲ. ಮೂರು ಸಲ ಕೇಳಿದ್ರು. ಗುಳಿಗಿ ಮಾಡೂ ಫ್ಯಾಕ್ಟರ್ಯಾಗ ಇಪ್ಪತ್ತೆಂಟು ವರ್ಷ ದುಡದಾಂವ ನಾ... ಮನ್ಯಾಗ ಆಕಿ ಯಾವ ಗುಳಿಗಿ ನುಂಗ್ತಿದ್ಲು ಅಂತ ನನಗ ಗೊತ್ತಿರಲಿಲ್ಲ.”

ನಾಲ್ಕು ದಿನದಿಂದ ನಗುತ್ತಿದ್ದವಳು ನಾನು. ಆಗ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮಗಳು ಕಣ್ಣೊರೆಸಿಕೊಂಡಳು. ಕೆಳಗಿಟ್ಟಿದ್ದ ಚೀಲವನ್ನು ಎತ್ತಿ ಅದರ ಮೊಳೆಗೆ ನೇತುಹಾಕಿದಳು.

“ಮಾವಾರ, ಸೋಮವಾರ ನನ್ನ ಲಗೂ ಎಬ್ಬಸ್ರಿ. ಆಫೀಸಿಗೆ ತಡಾ ಆಗಬಾರದು.”

ಬೀಗರು ತೊಟ್ಟಿಲಿನ ಹತ್ತಿರ ಹೋಗಿ, ಸರಿಯಾಗಿಯೇ ಇದ್ದ ಕೂಸಿನ ಹೊದಿಕೆಯನ್ನು ಮತ್ತೊಮ್ಮೆ ಸರಿಮಾಡಿದರು.