ದುಬೈ ಪರೀಕ್ಷೆಗೆ ಕಟ್ಟಿದ ದೇವರ ಮನೆ

ನಂಜನಗೂಡಿನಲ್ಲಿ ನಾನು ಕಂಟ್ರಾಕ್ಟರ್. ದೊಡ್ಡ ಅಣೆಕಟ್ಟು, ಸೇತುವೆ ಕಟ್ಟಿದವನೆಂದು ತಿಳಿಯಬೇಡಿ. ಶಾಲೆಯ ಕಾಂಪೌಂಡು, ಸೊಸೈಟಿಯ ಗೋದಾಮು, ಒಂದೆರಡು ಮೋರಿ, ಇಷ್ಟೇ ನನ್ನ ಸಾಧನೆ. ಆದರೆ ಮನುಷ್ಯರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ಕಾಲದಲ್ಲಿ ನಂಬಿದ್ದೆ. ಇಟ್ಟಿಗೆ ತಟ್ಟಿ ಸದ್ದಿನಲ್ಲೇ ಅದರ ಗುಣ ಹೇಳುವವನು ಮನುಷ್ಯನ ಗುಣ ಹೇಳಲಾರನೇ?

ಹೇಳಲಾರ!

ಎಪ್ಪತ್ತರ ದಶಕ ಮುಗಿಯುತ್ತಿತ್ತು. ದುಬೈ ಎಂಬ ಹೆಸರು ಆಗತಾನೇ ನಮ್ಮ ಕಡೆಯ ಹೋಟೆಲುಗಳಲ್ಲಿ ಕೇಳಿಬರತೊಡಗಿತ್ತು. ಒಂದು ದಿನ ಪತ್ರಿಕೆಯಲ್ಲಿ ಜಾಹೀರಾತು ಕಂಡೆ. ದುಬೈಗೆ ಗಾರೆ ಕೆಲಸದವರು ಬೇಕಾಗಿದ್ದಾರೆ; ವಿಮಾನ, ವಸತಿ, ಊಟ ಎಲ್ಲ ಉಚಿತ; ಎಂಟು ಜನರನ್ನು ಒಟ್ಟಿಗೆ ಕರೆತರುವ ಅನುಭವಿ ಕಂಟ್ರಾಕ್ಟರರಿಗೆ ಸೂಪರ್‌ವೈಸರ್ ಹುದ್ದೆ. ವಿಳಾಸ ಮಾತ್ರ ತಿ. ನರಸೀಪುರದ ಒಂದು ಲಾಡ್ಜಿನದು.

"ರೀ, ದುಬೈಗೆ ಜನ ಬೇಕಾದವರು ಬೊಂಬಾಯಿ ಬಿಟ್ಟು ನರಸೀಪುರಕ್ಕೆ ಯಾಕ್ರೀ ಬರ್ತಾರೆ?" ಎಂದಳು ನನ್ನ ಹೆಂಡತಿ ಸರೋಜ, ಅಕ್ಕಿ ಆರಿಸುತ್ತಾ.

"ಒಳ್ಳೆ ಗಾರೆಯವರು ಎಲ್ಲಿರ್ತಾರೋ ಅಲ್ಲಿಗೇ ಬರ್ತಾರೆ. ನಿನಗೆ ವ್ಯವಹಾರ ತಿಳಿಯಲ್ಲ, ಸುಮ್ನಿರು."

ಇಡೀ ಪ್ರಕರಣದಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತೆಂದರೆ ಅವಳ ಆ ಪ್ರಶ್ನೆಯೊಂದೇ.

ನಾನು ಇಂಗ್ಲಿಷಿನಲ್ಲಿ ಎರಡು ಪುಟ ಅರ್ಜಿ ಬರೆದುಕೊಂಡು ಲಾಡ್ಜಿಗೆ ಹೋದೆ. ಏಜೆಂಟ್ ಪ್ರಕಾಶ್ ಸಫಾರಿ ಸೂಟು, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಅರ್ಜಿ ಓದಿ, "ಇಂಥ ಇಂಗ್ಲಿಷು ನೋಡಿ ಎಷ್ಟು ವರ್ಷ ಆಯ್ತು ಸಾರ್!" ಎಂದ. ಅಲ್ಲಿಗೆ ಮುಗಿಯಿತು. ಅವನು ಹೇಳಿದ್ದರೆ ಅವತ್ತು ನಾನು ಕಪಿಲಾ ನದಿಗೂ ಟೆಂಡರ್ ಹಾಕುತ್ತಿದ್ದೆ.

ಏಳು ಜನ ಗಾರೆಯವರು ಕೂಡಲೇ ಒಪ್ಪಿದರು. ಎಂಟನೆಯವನು ನನ್ನ ಮೇಸ್ತ್ರಿ, ಹೆಡತಲೆ ಎಂಬ ಊರಿನ ಪುಟ್ಟಸ್ವಾಮಿ. ಹನ್ನೆರಡು ವರ್ಷ ನನ್ನ ಜೊತೆ ಕೆಲಸ ಮಾಡಿದವನು. ಅವನು ಕರಣೆ ಹಿಡಿದು ಕಟ್ಟಿದ ಗೋಡೆ ನೆಟ್ಟಗಿದೆಯೇ ಎಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡುವ ಅಗತ್ಯವೇ ಇರಲಿಲ್ಲ. ಆದರೆ ಅವನು ತನ್ನೂರಿನ ಹಿರಿಯ ಬಸವಣ್ಣನವರಿಗೆ ಮನೆ ಕಟ್ಟಿಕೊಡಲು ವೀಳ್ಯ ತೆಗೆದುಕೊಂಡಿದ್ದ. ನಮ್ಮ ಕಡೆ ಮೇಸ್ತ್ರಿಗೆ ಕರಾರು ಪತ್ರ, ಸ್ಟಾಂಪು ಏನೂ ಇಲ್ಲ. ಮನೆಯವರು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಕೊಡುತ್ತಾರೆ, ಅವನು ಕಣ್ಣಿಗೊತ್ತಿಕೊಂಡು ಇಸಿದುಕೊಳ್ಳುತ್ತಾನೆ. ಆಮೇಲೆ ಆ ಮನೆ ಅವನದೇ ಹೊಣೆ.

"ಬ್ಯಾಡ ಸಾ. ವೀಳ್ಯ ಇಸ್ಕಂಡ್ಬುಟ್ಟಿವ್ನಿ. ವಾಪಸ್ ಕೊಟ್ಟೋನ್ನ ಆಮ್ಯಾಕೆ ಯಾರ್ ಕರ್ದಾರು?" ಎಂದ ಪುಟ್ಟಸ್ವಾಮಿ.

"ಎಲೆ ಅಡಿಕೆ ತಾನೇನಯ್ಯ! ಬಸವಣ್ಣನವರು ಇನ್ನೊಬ್ಬರನ್ನು ನೋಡ್ಕೋತಾರೆ. ನಾನಿದ್ದೀನಿ, ಹೆದರಬೇಡ."

ಹನ್ನೆರಡು ವರ್ಷದಲ್ಲಿ ಅವನು ನನ್ನ ಮಾತಿಗೆ ಇಲ್ಲವೆಂದವನಲ್ಲ. ಹೋಗಿ ವೀಳ್ಯ ವಾಪಸ್ ಕೊಟ್ಟು ಬಂದ. ಅವತ್ತು ಅವನು ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಅವತ್ತು ಮೈಸೂರಿನ ದರ್ಜಿಯ ಹತ್ತಿರ ಹೊಸ ಕೋಟು ಹೊಲಿಸಲು ಅಳತೆ ಕೊಡುತ್ತಿದ್ದೆ.

ದುಬೈಗೆ ಹೋಗುವ ಮೊದಲು ಪರೀಕ್ಷೆ ಆಗಬೇಕು ಎಂದ ಪ್ರಕಾಶ್. ನರಸೀಪುರದ ಹೊರಗೆ ಒಂದು ಸೈಟು ತೋರಿಸಿದ. ತಳಪಾಯ ಸಿದ್ಧವಾಗಿತ್ತು, ಇಟ್ಟಿಗೆ ರಾಶಿ ಬಿದ್ದಿತ್ತು. "ಮೂರಡಿ ಗೋಡೆ ಕಟ್ಟಿ ತೋರಿಸಿ ಸಾರ್, ಸಾಕು. ಪರೀಕ್ಷೆಗೆ ಕೂಲಿ ಇರಲ್ಲ." ನಮ್ಮವರು ಮೂರು ದಿನದಲ್ಲಿ ಆರಡಿ ಕಟ್ಟಿದರು. ದುಬೈ ಸಾಹೇಬರಿಗೆ ಬಹಳ ಸಂತೋಷವಾಯಿತಂತೆ. ಈಗ ಸಜ್ಜಾ ನೋಡಬೇಕಂತೆ. ಸಜ್ಜಾಕ್ಕೆ ಕಾಂಕ್ರೀಟು ಸುರಿಯಲು ಅಡಿಗೆ ಸೆಂಟ್ರಿಂಗ್ ಹಲಗೆ ಬೇಕಲ್ಲ? ನನ್ನದೇ ಹಲಗೆಗಳನ್ನು ಲಾರಿಯಲ್ಲಿ ತರಿಸಿದೆ. ಲಾರಿ ಬಾಡಿಗೆಯೂ ನನ್ನದೇ!

ಎರಡನೇ ವಾರ ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದ.

"ಸಾ, ಪರೀಕ್ಸೆ ಗ್ವಾಡೆಗೆ ಕಿಟ್ಕಿ ಯಾಕೆ ಸಾ?"

"ಗಾಳಿ ಬೆಳಕಿಗೆ. ಅಲ್ಲಿ ಸೆಕೆ ಜಾಸ್ತಿ."

"ಬಚ್ಚಲ್ಗೆ ಅಂಡೆ ಒಲೆ ಮಾಡು ಅಂತಾವ್ನೆ. ಸೆಕೆ ಜಾಸ್ತಿ ಇರೋ ಕಡೆ ಬಿಸ್ನೀರ್ ಯಾಕೆ ಸಾ?"

"ಎಣ್ಣೆ ಸ್ನಾನಕ್ಕಿರಬಹುದು."

"ದ್ಯಾವ್ರ ಮನೆ ಗೂಡ್ನೂವೆ ಮಾಡಿ ಅಂತಾವ್ನೆ. ದುಬೈನಲ್ಲಿ ನಂಜುಂಡಪ್ಪ ಅವ್ನಾ ಸಾ?"

ನಾನು ಗಂಭೀರವಾಗಿ, "ನಂಜುಂಡಪ್ಪ ಎಲ್ಲಾ ಕಡೆ ಇದ್ದಾನೆ ಕಣಯ್ಯ," ಎಂದೆ. ಪುಟ್ಟಸ್ವಾಮಿ ಕೈ ಮುಗಿದು ಗೂಡು ಕಟ್ಟಲು ಹೋದ. ಅಷ್ಟು ಚೆಂದದ ಗೂಡನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಚಾವಣಿ ಹಾಕಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಜರಿ ಪಂಚೆಯ ಹಿರಿಯರೊಬ್ಬರು ಪುರೋಹಿತರ ಜೊತೆ ಬಂದರು. ಸುತ್ತ ನೋಡಿ, "ಭೇಷ್! ಗೃಹಪ್ರವೇಶಕ್ಕೆ ದಿನ ನೋಡಿಬಿಡಿ," ಎಂದು ಪುರೋಹಿತರಿಗೆ ಹೇಳಿ ನನ್ನ ಕಡೆ ತಿರುಗಿದರು. "ಕಂಟ್ರಾಕ್ಟರ್ ಪ್ರಕಾಶ್ ಎಲ್ಲಪ್ಪ? ನಿನ್ನೆ ಬಾಕಿಯೆಲ್ಲ ತೀರಿಸಿಬಿಟ್ಟೆ. ಬಹಳ ಕಮ್ಮಿಗೆ ಒಪ್ಪಿಕೊಂಡ ಪುಣ್ಯಾತ್ಮ. ಹೇಗೆ ಗಿಟ್ಟುತ್ತೋ ಅಂತ ನನಗೇ ಆಶ್ಚರ್ಯ!"

ಹೇಗೆ ಗಿಟ್ಟಿತೆಂದು ಈಗ ತಿಳಿದ ಎಂಟು ಜನ ಕೂಲಿಯಿಲ್ಲದ ಗಾರೆಯವರು ನನ್ನ ಮುಖ ನೋಡಿದರು.

ಲಾಡ್ಜಿಗೆ ಓಡಿದೆ. ಕೋಣೆ ಖಾಲಿ. ಮಂಚದ ಕೆಳಗೆ ನನ್ನ ಇಂಗ್ಲಿಷ್ ಅರ್ಜಿ ಮಾತ್ರ ಇತ್ತು, ಅದರ ಮೇಲೆ ಅರ್ಧ ವಡೆ. ಪೊಲೀಸ್ ಠಾಣೆಯಲ್ಲಿ ಅದನ್ನೇ ಸಾಕ್ಷಿಯಾಗಿ ಕೊಟ್ಟೆ. ರೈಟರು ಎರಡೂ ಪುಟ ಓದಿ, "ಸ್ಪೆಲಿಂಗ್ ತಪ್ಪಿದೆ," ಎಂದರು.

ಎಲ್ಲರ ಕೂಲಿ ನಾನೇ ಕೊಟ್ಟೆ. ಅದು ಅಲ್ಲಿಗೆ ಮುಗಿಯಿತು. ಆದರೆ ವೀಳ್ಯ ಮರಳಿಸಿದ ಮೇಸ್ತ್ರಿಗೆ ಹೆಡತಲೆಯಲ್ಲಾಗಲಿ ಅಕ್ಕಪಕ್ಕದ ಊರುಗಳಲ್ಲಾಗಲಿ ಯಾರೂ ಮತ್ತೆ ವೀಳ್ಯ ಕೊಡಲಿಲ್ಲ. ನನ್ನ ಕೆಲಸಕ್ಕೆ ಕರೆದರೆ, "ಇರ್ಲಿ ಬುಡಿ ಸಾ," ಎಂದ, ಬರಲಿಲ್ಲ. ಬೇರೊಬ್ಬ ಮೇಸ್ತ್ರಿಯ ಕೈಕೆಳಗೆ ಅವನು ಗಾರೆ ಬಾಂಡ್ಲಿ ಹೊರುವುದನ್ನು ನಾನೇ ಕಣ್ಣಾರೆ ಕಂಡೆ.

"ಬಸವಣ್ಣನವರ ಹತ್ರ ಹೋಗಿ ತಪ್ಪು ನಂದು ಅಂತ ಹೇಳಿ ಬನ್ನಿ. ಅವರು ಕರೆದರೆ ಊರೇ ಕರೆಯುತ್ತೆ," ಎಂದಳು ಸರೋಜ.

ಹೊರಟೆ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಬಸವಣ್ಣನವರು ನನ್ನನ್ನು ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಎಳನೀರು ಕೊಚ್ಚಿಸಿದರು.

"ನೋಡಿ ಸಾ, ನಿಮ್ ಪುಟ್ಸಾಮಿ ಇಂಗ್ ಮಾಡ್ಬುಟ್ಟ. ಯಾರ್ಲಾ ನಿನ್ ತಲೆ ಕೆಡ್ಸಿದ್ದು ಅಂದೆ. ಯಾರೂ ಇಲ್ಲ, ನಂಗೇ ದುರಾಸೆ ಬಂತು ಅಂದ. ನಿಮ್ಮಂಥ ತಿಳ್ದೋರ್ ಜೊತೆ ಅಷ್ಟು ವರ್ಸ ಇದ್ನಲ್ಲ, ನಿಮ್ನಾರ ಒಂದ್ ಮಾತ್ ಕೇಳ್ಬಾರ್ದಾಗಿತ್ತಾ?"

ಪುಟ್ಟಸ್ವಾಮಿ ನನ್ನ ಹೆಸರನ್ನೇ ಹೇಳಿರಲಿಲ್ಲ! ಈಗಲೇ ಹೇಳಬೇಕು. ಬಾಯಿ ತೆರೆದೆ.

"ಹೌದು. ಕೇಳಬಹುದಿತ್ತು," ಎಂದಿತು ನನ್ನ ಬಾಯಿ.

ಸಂಜೆ ಮನೆಗೆ ಬಂದಾಗ ಸರೋಜ ಬಾಗಿಲಲ್ಲೇ ನಿಂತಿದ್ದಳು.

"ಹೇಳಿದ್ರಾ?"

"ಎಳನೀರು ಕೊಟ್ರು ಕಣೆ," ಎಂದೆ. "ಕುಡಿದು ಬಂದೆ."