ಬೆಳಗಿನ ಐದೂವರೆಯ ನಿದ್ರಾ ಜಾಗೃತಿ

ಬಸವನಗುಡಿಯ ಕೋಚಿಂಗ್ ಸಂಸ್ಥೆಯ ಸಂಸ್ಥಾಪಕರೂ, ಸೂರ್ಯ ಹುಟ್ಟುವ ಮೊದಲೇ ಹಾಜರಿ ಕರೆಯುವವರೂ ಆದ ಶ್ರೀ ರುದ್ರೇಶ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಚಾಮರಾಜಪೇಟೆಯಿಂದ ಕಮಲಮ್ಮ ಮಾಡುವ ನಮಸ್ಕಾರಗಳು. ನನ್ನ ಮೊಮ್ಮಗಳು ವಿಶಾಖಾಳ ಹೆಸರಿಗೆ ತಾವು ಕಳಿಸಿದ ಕಾರಣ ಕೇಳಿ ನೋಟಿಸು ಕೈಸೇರಿತು. ಅದನ್ನು ನೋಡಿ ಅವಳ ಅಪ್ಪ ಅಮ್ಮ ಗಾಬರಿಬಿದ್ದರು. ನಾನು ಮಾತ್ರ ಕನ್ನಡಕ ಹಾಕಿಕೊಂಡು ಖುಷಿಯಾಗಿ ಕುಳಿತೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಇಂಥ ನೋಟಿಸುಗಳಿಗೆಲ್ಲ ಉತ್ತರ ಬರೆದುಕೊಡುತ್ತಿದ್ದವಳು ನಾನೇ. ಅವುಗಳಲ್ಲಿ ಮುಕ್ಕಾಲು ಪಾಲು ಮೇಜಿನ ಮೇಲೆ ತಲೆಯಿಟ್ಟು ಮಲಗಿದವರದ್ದಾದ್ದರಿಂದ ಈ ವಿಷಯದಲ್ಲಿ ನನಗೆ ಕೊಂಚ ಪರಿಣತಿಯಿದೆ.

ಮೊದಲು ಅಭಿನಂದನೆ. ಹದಿಹರೆಯದ ಮಕ್ಕಳಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು, ನಿದ್ರೆ ಕೆಟ್ಟರೆ ಮನಸ್ಸೂ ಕೆಡುತ್ತದೆ ಎಂದು ಕಂಡುಕೊಂಡು, ಅದನ್ನು ತಿಳಿಸಿಕೊಡಲು ಕಳೆದ ಭಾನುವಾರ ‘ನಿದ್ರಾ ಜಾಗೃತಿ ಶಿಬಿರ’ ಏರ್ಪಡಿಸಿ, ಅದನ್ನು ಬೆಳಗಿನ ಐದೂವರೆಗೇ ಇಟ್ಟುಕೊಂಡ ತಮ್ಮ ದೂರದೃಷ್ಟಿ ದೊಡ್ಡದು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದೂ ಸರಿ. ನಿಂತುಕೊಂಡೇ ತೂಕಡಿಸುವುದನ್ನು ಮಕ್ಕಳು ಈಗಲೇ ಕಲಿತರೆ ಮುಂದೆ ಸಿಟಿ ಬಸ್ಸಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಆ ಶಿಬಿರದಲ್ಲಿ ತಜ್ಞರ ಭಾಷಣ ಶುರುವಾದ ಹತ್ತೇ ನಿಮಿಷಕ್ಕೆ, ಮೂರನೇ ಸಾಲಿನಲ್ಲಿ ಕುಳಿತಿದ್ದ ನಮ್ಮ ವಿಶಾಖಾ ನಿದ್ರೆ ಹೋದಳು. ಇದು ಅಶಿಸ್ತು, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡದಿದ್ದರೆ ಬ್ಯಾಚಿನಿಂದ ತೆಗೆಯುತ್ತೇವೆ ಎಂದು ಬರೆದಿದ್ದೀರಿ. ತಪ್ಪಾಗಿರುವುದು ಸಮಾಸ ಬಿಡಿಸುವಲ್ಲಿ, ಸ್ವಾಮಿ. ನಿದ್ರೆಯ ಬಗ್ಗೆ ಜಾಗೃತಿ ಎಂದು ಅವಳು ಬಿಡಿಸಿಕೊಂಡಳು, ನಿದ್ರೆಯಿಂದ ಜಾಗೃತಿ ಎಂದು ತಾವು. ಅಲ್ಲಿದ್ದ ಇನ್ನೂರು ಮಕ್ಕಳಲ್ಲಿ ಭಾಷಣಕಾರರ ಮಾತನ್ನು ಕೂತಲ್ಲೇ ಜಾರಿಗೆ ತಂದವಳು ಇವಳೊಬ್ಬಳು. ಪದಕ ಬರಬೇಕಿತ್ತು, ನೋಟಿಸು ಬಂತು.

ಮುಂದಿನದು ತಮಾಷೆಯಲ್ಲ. ತಮ್ಮ ಮುಂಜಾನೆ ಬ್ಯಾಚಿಗೆ ಸೇರಿದಾಗಿನಿಂದ, ಅಂದರೆ ಮೂರು ತಿಂಗಳಿಂದ, ಈ ಹುಡುಗಿ ನಾಲ್ಕು ಗಂಟೆಗೆ ಏಳುತ್ತಿದ್ದಾಳೆ. ಮನೆಯಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡದಂತೆ ಮಾತಾಡುತ್ತಿದ್ದವಳು ಈಗ ಬಾಚಣಿಗೆ ಕೈಜಾರಿ ಬಿದ್ದರೂ ಅಳುತ್ತಾಳೆ. ಮೊನ್ನೆ ಪಕ್ಕದಲ್ಲಿ ಬಂದು ಕುಳಿತು, “ಅಜ್ಜೀ, ತಲೆ ಒಳಗೆ ಯಾರೋ ಟ್ಯೂಬ್‌ಲೈಟ್ ಹಾಕಿಟ್ಬಿಟ್ಟಿದಾರೆ, ಸ್ವಿಚ್ಚೇ ಸಿಕ್ತಿಲ್ಲ” ಅಂದಳು. ತಮ್ಮ ಕುರ್ಚಿಯಲ್ಲಿ ನಲವತ್ತು ನಿಮಿಷ ಮಲಗಿ ಬಂದ ಆ ಭಾನುವಾರ ಅವಳು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಟೀವಿ ರಿಮೋಟಿಗಾಗಿ ನನ್ನ ಜೊತೆ ಜಗಳವಾಡಿದಳು. ಆ ಜಗಳಕ್ಕಾಗಿ ನಾನು ತಮಗೆ ಋಣಿ.

ಆದಕಾರಣ ಆ ಕುರ್ಚಿಯನ್ನು ಅವಳ ಹೆಸರಿಗೆ ಕಾಯಂ ಆಗಿ ಮಂಜೂರು ಮಾಡಿ, ಜೊತೆಗೊಂದು ದಿಂಬು ಒದಗಿಸಬೇಕೆಂದೂ, ಅಷ್ಟು ಬೇಗ ನಿದ್ರೆ ತರಿಸಬಲ್ಲ ಆ ತಜ್ಞರ ದನಿಯನ್ನು ರೆಕಾರ್ಡ್ ಮಾಡಿಸಿ ಮನೆಮನೆಗೆ ಹಂಚಬೇಕೆಂದೂ, ದಿನಾ ಆರು ಗಂಟೆಯಾದ ಮೇಲೆ ಬರುವ ಸೂರ್ಯನಿಗೂ ಒಂದು ನೋಟಿಸು ಜಾರಿ ಮಾಡಬೇಕೆಂದೂ ಕೋರುತ್ತೇನೆ. ಇದೆಲ್ಲ ಕಷ್ಟವಾದರೆ ತರಗತಿಯನ್ನು ಎಂಟು ಗಂಟೆಗೆ ಇಡಿ. ಅದು ಉಳಿದೆಲ್ಲಕ್ಕಿಂತ ಕಷ್ಟವೆಂದು ಬಲ್ಲೆ.

ತಮ್ಮ ವಿಶ್ವಾಸಿ, ಮಧ್ಯಾಹ್ನ ಎರಡರಿಂದ ಮೂರರವರೆಗಿನ ನಿದ್ರೆಯ ಹೊತ್ತು ಹೊರತುಪಡಿಸಿ,
ಕಮಲಮ್ಮ
ನಿವೃತ್ತ ಪ್ರಥಮ ದರ್ಜೆ ಸಹಾಯಕಿ

ವಿ.ಸೂ.: ಸಮಜಾಯಿಷಿಯಲ್ಲಿ ವಿದ್ಯಾರ್ಥಿನಿಯ ಸಹಿಯೂ ಇರಬೇಕೆಂದು ನೋಟಿಸಿನಲ್ಲಿದೆ. ಈಗ ಬೆಳಗಿನ ಒಂಬತ್ತೂವರೆ. ಅವಳು ಎದ್ದಿಲ್ಲ, ನಾನು ಎಬ್ಬಿಸಿಯೂ ಇಲ್ಲ. ಸಹಿ ತುರ್ತಾಗಿ ಬೇಕಿದ್ದರೆ ತಾವೇ ಬಂದು ಹೊರಗೆ ಕಾಯಬಹುದು. ತಮ್ಮ ನೋಟಿಸು ಬಾಗಿಲಿನ ಮೇಲೆಯೇ ಇದೆ. ಅದರ ಹಿಂಬದಿ ಖಾಲಿಯಿತ್ತು, ‘ಬೆಲ್ ಒತ್ತಬೇಡಿ’ ಎಂದು ಬರೆದು ಅಂಟಿಸಿದ್ದೇನೆ.